ಕೌಂಟರಿನ ಆಚೆಯಿಂದ ಈಚೆಗೆ

ಬ್ಯಾಂಕಿನ ಹಿತ್ತಾಳೆಯ ಟೋಕನ್ನನ್ನು ಕೈಯಲ್ಲಿ ಹಿಡಿದು ಕಾದವರು ಮುಂಬಯಿ, ಪುಣೆ, ಮದರಾಸುಗಳ ಕನ್ನಡ ಮನೆಗಳಲ್ಲಿ ಇಂದಿಗೂ ಅನೇಕರಿದ್ದಾರೆ. ಚೆಕ್ಕನ್ನು ಕೊಟ್ಟೊಡನೆ ಗುಮಾಸ್ತನು ಅಂಕೆ ಕೊರೆದ ಬಿಲ್ಲೆಯೊಂದನ್ನು ಗಿರಾಕಿಯ ಕೈಗಿಡುತ್ತಿದ್ದನು. ಅದನ್ನು ಹಿಡಿದು ಗಿರಾಕಿಯು ಬೆಂಚಿನ ಮೇಲೆ ಕುಳಿತಿರುವಾಗ ಚೆಕ್ಕು ಒಳಗೆ ದೊಡ್ಡದೊಂದು ಯಾತ್ರೆಯನ್ನೇ ಕೈಗೊಳ್ಳುತ್ತಿತ್ತು. ಲೆಡ್ಜರ್ ಗುಮಾಸ್ತನು ದಪ್ಪ ರಟ್ಟಿನ ಪುಸ್ತಕವನ್ನು ತೆರೆದು, ಖಾತೆಯ ಪುಟವನ್ನು ಹುಡುಕಿ, ಶಿಲ್ಕನ್ನು ನೋಡಿ, ಮೊಬಲಗನ್ನು ಖರ್ಚು ಬರೆದು, ಹೊಸ ಶಿಲ್ಕನ್ನು ತೆಗೆದು ಮಗ್ಗುಲಲ್ಲಿ ಸಣ್ಣ ಸಹಿ ಹಾಕುತ್ತಿದ್ದನು. ಅಧಿಕಾರಿಯು ಮಾದರಿ ಸಹಿಯ ಕಾರ್ಡನ್ನು ತೆಗೆಸಿ ಚೆಕ್ಕಿನ ಸಹಿಯೊಡನೆ ಹೋಲಿಸಿ ನೋಡುತ್ತಿದ್ದನು. ಬಳಿಕ ಚೆಕ್ಕು ಕ್ಯಾಶಿಯರನ ಪಂಜರವನ್ನು ತಲುಪುತ್ತಿತ್ತು. ಅವನು ಟೋಕನ್ ಸಂಖ್ಯೆಯನ್ನು ಕೂಗಿ, ಗಿರಾಕಿ ಹತ್ತಿರ ಬಂದಮೇಲೆ, ‘ಎಷ್ಟು?’ ಎಂದು ಕೇಳಿ, ಉತ್ತರವು ಚೆಕ್ಕಿನೊಡನೆ ಹೊಂದಿದರೆ ಮಾತ್ರ ನೋಟುಗಳನ್ನು ಎಣಿಸುತ್ತಿದ್ದನು. ಇದಿಷ್ಟಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ತಿಂಗಳ ಮೊದಲ ವಾರದಲ್ಲಿ ಒಂದು ಗಂಟೆಯೂ ಹಿಡಿದೀತು. ಗಿರಾಕಿಗಳು ಗೊಣಗುತ್ತಿದ್ದರು. ಗೊಣಗುವುದಕ್ಕೆ ಕಾರಣವೂ ಇತ್ತು. ಆದರೆ ಆ ಅರ್ಧ ಗಂಟೆಯಲ್ಲಿ ಒಂದು ಚೆಕ್ಕಿನ ಮೇಲೆ ಮೂರು ಜನರ ಕಣ್ಣು ಬೀಳುತ್ತಿತ್ತೆಂಬುದನ್ನು ಆಗ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಲೆಡ್ಜರಿನ ದುಡಿಮೆ ಸುಲಭದ್ದಾಗಿರಲಿಲ್ಲ. ಬ್ಯಾಂಕುಗಳ ಲೆಕ್ಕದ ವರ್ಷವು ಡಿಸೆಂಬರಿಗೆ ಮುಗಿಯುತ್ತಿದ್ದ ಆ ಕಾಲದಲ್ಲಿ ಜೂನ್ 30 ಮತ್ತು ಡಿಸೆಂಬರ್ 31 ಬಂತೆಂದರೆ ಶಾಖೆಗಳಲ್ಲಿ ರಾತ್ರಿಯಿಡೀ ದೀಪ ಉರಿಯುತ್ತಿತ್ತು. ಪ್ರತಿಯೊಂದು ಉಳಿತಾಯ ಖಾತೆಗೂ ಕೈಯಿಂದ ಬಡ್ಡಿ ಹಾಕಿ, ಸಾವಿರಾರು ಶಿಲ್ಕುಗಳನ್ನು ಕೂಡಿ, ಜನರಲ್ ಲೆಡ್ಜರಿನ ಒಟ್ಟು ಮೊತ್ತಕ್ಕೆ ತಾಳೆ ಮಾಡಬೇಕು. ಐದು ಪೈಸೆ ಹೆಚ್ಚುಕಡಿಮೆ ಬಂದರೂ ಪುಸ್ತಕವನ್ನು ಮುಚ್ಚುವಂತಿಲ್ಲ. ಇಂಥ ರಾತ್ರಿಗಳಲ್ಲಿಯೇ ಹಳಬರು ಹೊಸಬರಿಗೆ ಕೆಲವು ಗುಟ್ಟುಗಳನ್ನು ಹೇಳಿಕೊಡುತ್ತಿದ್ದುದು. ವ್ಯತ್ಯಾಸದ ಮೊತ್ತವು 9ರಿಂದ ಶೇಷವಿಲ್ಲದೆ ಭಾಗವಾದರೆ ಯಾರೋ 54ನ್ನು 45 ಎಂದೋ, 720ನ್ನು 270 ಎಂದೋ ಅಂಕೆ ತಿರುವಿ ಬರೆದಿರಬೇಕು. 2ರಿಂದ ಭಾಗವಾದರೆ ಅದರ ಅರ್ಧದಷ್ಟು ಮೊತ್ತವು ಜಮೆಯ ಬದಲು ಖರ್ಚಿನ ಕಡೆಗೆ ಹೋಗಿರಬಹುದು. ವಾಣಿಜ್ಯಶಾಸ್ತ್ರದ ಪದವೀಧರನಿಗೆ ಕಾಲೇಜು ಕಲಿಸದ ವಿದ್ಯೆ ಇದು. ಲೆಡ್ಜರಿನ ಧೂಳಿನಿಂದ ಸೀನುತ್ತ, ಬಾಗಿದ ಬೆನ್ನನ್ನು ಆಗಾಗ ನೆಟ್ಟಗೆ ಮಾಡಿಕೊಳ್ಳುತ್ತ ಆ ತಲೆಮಾರು ತನ್ನ ನೌಕರಿಯನ್ನು ಸವೆಸಿತು.

ಹೊರನಾಡ ಕನ್ನಡಿಗರಿಗೆ ಈ ಕೌಂಟರಿನೊಡನೆ ಇದ್ದ ನಂಟು ಕೇವಲ ಹಣದ್ದಲ್ಲ. ಮಂಗಳೂರು, ಉಡುಪಿಗಳ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳು ಹಲವು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು ಮತ್ತು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕು ಸ್ಥಾಪನೆಗೊಂಡವು. ಹೋಟೆಲು ಉದ್ಯಮವನ್ನು ಹಿಂಬಾಲಿಸಿ ಈ ಬ್ಯಾಂಕುಗಳು ಮುಂಬಯಿಗೆ ಬಂದುವೋ, ಬ್ಯಾಂಕುಗಳ ಬೆಂಬಲದಿಂದ ಹೋಟೆಲುಗಳು ಬೆಳೆದುವೋ ಹೇಳುವುದು ಕಷ್ಟ. ಹಗಲು ಹೋಟೆಲಿನಲ್ಲಿ ಮಾಣಿಯಾಗಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕಡೆಗೆ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರ ಕಥೆ ಮುಂಬಯಿಯ ಕನ್ನಡ ಸಮಾಜದಲ್ಲಿ ಒಂದೆರಡಲ್ಲ. ಆ ಕೌಂಟರಿನಲ್ಲಿ ಕನ್ನಡ, ತುಳು, ಕೊಂಕಣಿಗಳು ಕೇಳಿಬರುತ್ತಿದ್ದವು. ಊರಿನಿಂದ ಮಗನ ಮನೆಗೆ ಬಂದ ತಾಯಿಯು ಚೀಟಿ ತುಂಬಲು ಬಾರದಿದ್ದರೂ, ‘ಮಗಾ, ಇದನ್ನೊಮ್ಮೆ ಬರೆದುಕೊಡಪ್ಪ’ ಎಂದು ಧೈರ್ಯವಾಗಿ ಕೇಳಬಹುದಾಗಿತ್ತು.

ಯಂತ್ರವು ಈ ಲೋಕವನ್ನು ಪ್ರವೇಶಿಸಿದ್ದು ಹಿಂಬಾಗಿಲಿನಿಂದ. ಗಣಕಯಂತ್ರವು ಉದ್ಯೋಗವನ್ನು ನುಂಗಿಬಿಡುವುದೆಂಬ ಭಯ ನೌಕರರ ಸಂಘಗಳಲ್ಲಿ ಬಲವಾಗಿತ್ತು. 1983ರಲ್ಲಿ ಬ್ಯಾಂಕುಗಳ ಆಡಳಿತವರ್ಗಕ್ಕೂ ನೌಕರರ ಸಂಘಗಳಿಗೂ ಯಾಂತ್ರೀಕರಣದ ಬಗೆಗೆ ಒಡಂಬಡಿಕೆಯಾಯಿತು. ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿಯು 1984ರಲ್ಲಿ ಅದಕ್ಕೆ ಒಂದು ಹಾದಿಯನ್ನು ಹಾಕಿಕೊಟ್ಟಿತು. ಆಗ ಶಾಖೆಗಳಿಗೆ ಬಂದ ಯಂತ್ರದ ಹೆಸರು ‘ಅಡ್ವಾನ್ಸ್ಡ್ ಲೆಡ್ಜರ್ ಪೋಸ್ಟಿಂಗ್ ಮೆಷೀನ್’. ಕಂಪ್ಯೂಟರ್ ಎಂಬ ಶಬ್ದವು ಈ ನಾಮಧೇಯದಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಲೆಡ್ಜರ್ ಬರೆಯುವ ಯಂತ್ರವೆಂದರೆ ಯಾರಿಗೂ ಅಷ್ಟು ದಿಗಿಲಾಗದಷ್ಟೆ. 1987ರಲ್ಲಿ ಮುಂಬಯಿಯಲ್ಲಿ ದೇಶದ ಮೊದಲ ಎಟಿಎಂ ಹಣ ಎಣಿಸತೊಡಗಿತು. ಅದೇ ದಶಕದಲ್ಲಿ ಚೆಕ್ಕಿನ ಬುಡದಲ್ಲಿ ಕಾಂತೀಯ ಶಾಯಿಯ ಅಂಕೆಗಳು ಕಾಣಿಸಿಕೊಂಡವು. ಈ ಅಂಕೆಗಳಲ್ಲಿ ಒಂಬತ್ತು ಅಂಕೆಗಳ ಒಂದು ಗುಂಪಿದೆ. ಅದರ ಮೊದಲ ಮೂರು ಊರನ್ನೂ, ನಡುವಣ ಮೂರು ಬ್ಯಾಂಕನ್ನೂ, ಕೊನೆಯ ಮೂರು ಶಾಖೆಯನ್ನೂ ಸೂಚಿಸುತ್ತವೆ. ಮುಂಬಯಿಗೆ 400, ಬೆಂಗಳೂರಿಗೆ 560. ಅಂಚೆಯ ಪಿನ್ ಸಂಖ್ಯೆಯ ಆರಂಭವೂ ಇದೇ. ಅಲ್ಲಿಯವರೆಗೆ ಕ್ಲಿಯರಿಂಗ್ ಹೌಸಿನಲ್ಲಿ ಮನುಷ್ಯರ ಕೈ ಬೇರ್ಪಡಿಸುತ್ತಿದ್ದ ಚೆಕ್ಕುಗಳ ರಾಶಿಯನ್ನು ಯಂತ್ರವೇ ಬೇರ್ಪಡಿಸತೊಡಗಿತು.

ನೌಕರರ ಭಯವು ಸುಳ್ಳೇನೂ ಆಗಲಿಲ್ಲ. ಆದರೆ ಹೆದರಿದ ರೀತಿಯಲ್ಲಿ ನಿಜವಾಗಲಿಲ್ಲ. ಯಂತ್ರವು ಬಂದ ದಿನ ಯಾರನ್ನೂ ಮನೆಗೆ ಕಳುಹಿಸಲಿಲ್ಲ. 2000-01ರಲ್ಲಿ ಸ್ವಯಂ ನಿವೃತ್ತಿಯ ಯೋಜನೆ ಬಂದಾಗ ಸಾರ್ವಜನಿಕ ರಂಗದ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಮಂದಿ ಹೊರಗೆ ಹೋದರು. ಅವರ ಕುರ್ಚಿಗಳಲ್ಲಿ ಎಷ್ಟೋ ಕುರ್ಚಿಗಳು ಖಾಲಿಯಾಗಿಯೇ ಉಳಿದವು. ರಾತ್ರಿಶಾಲೆಯಿಂದ ಗುಮಾಸ್ತಿಕೆಗೆ ಇದ್ದ ಮೆಟ್ಟಿಲು ಹೀಗೆ ಸದ್ದಿಲ್ಲದೆ ಕಿರಿದಾಯಿತು. ಬಳಿಕ ಕೋರ್ ಬ್ಯಾಂಕಿಂಗ್ ಬಂದಿತು. ಖಾತೆಯು ಶಾಖೆಯ ಪುಸ್ತಕದಿಂದ ಎದ್ದು ದೂರದ ಒಂದು ಕೇಂದ್ರದ ಗಣಕಕ್ಕೆ ಹೋಯಿತು. ಗಿರಾಕಿಯು ‘ಮಾಟುಂಗ ಶಾಖೆಯವನು’ ಎಂಬುದು ಹೋಗಿ ‘ಬ್ಯಾಂಕಿನವನು’ ಎಂದಾದನು.

ಗಿರಾಕಿಗೆ ಇದರಿಂದ ಆದ ಲಾಭವನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆಯಾದೀತು. ಒಂದೇ ಉದಾಹರಣೆ ಸಾಕು. 2010ರ ಮಾರ್ಚ್ ಕೊನೆಯವರೆಗೆ ಉಳಿತಾಯ ಖಾತೆಗೆ ಬಡ್ಡಿಯನ್ನು ಲೆಕ್ಕ ಹಾಕುತ್ತಿದ್ದುದು ತಿಂಗಳ 10ನೆಯ ತಾರೀಖಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿನ ಮೇಲೆ. ಕೈಯಿಂದ ಬಡ್ಡಿ ಹಾಕುವ ಗುಮಾಸ್ತನಿಗೆ ದಿನದಿನದ ಶಿಲ್ಕನ್ನು ನೋಡುವುದು ಸಾಧ್ಯವಿರಲಿಲ್ಲ. ಆದಕಾರಣ ಆ ನಿಯಮ. ಮೂವತ್ತು ದಿನಗಳ ಒಂದು ತಿಂಗಳಲ್ಲಿ ಒಬ್ಬನ ಖಾತೆಯಲ್ಲಿ 24ನೆಯ ತಾರೀಖಿನವರೆಗೆ 10,000 ರೂಪಾಯಿ ಇದ್ದು, 25ರಂದು ಅವನು 9,000 ತೆಗೆದನೆನ್ನೋಣ. ಆಗಿನ ಶೇಕಡಾ 3.5ರ ದರದಲ್ಲಿ ಹಳೆಯ ಲೆಕ್ಕದಂತೆ ಅವನಿಗೆ ಸಲ್ಲುತ್ತಿದ್ದುದು 1,000 ರೂಪಾಯಿಯ ಮೇಲಿನ ಬಡ್ಡಿ, ಅಂದರೆ ಸುಮಾರು 3 ರೂಪಾಯಿ. 2010ರ ಏಪ್ರಿಲ್ 1ರಿಂದ ದಿನವಹಿ ಶಿಲ್ಕಿನ ಲೆಕ್ಕ ಜಾರಿಗೆ ಬಂದಮೇಲೆ ಅದೇ ಮನುಷ್ಯನಿಗೆ ಸಲ್ಲುವುದು 23 ರೂಪಾಯಿಗೂ ಮಿಕ್ಕಿ. ದುಡಿಯುವ ವರ್ಗದ ಕೋಟ್ಯಂತರ ಖಾತೆಗಳಲ್ಲಿ ಈ ವ್ಯತ್ಯಾಸವು ಎಷ್ಟಾಗಿರಬಹುದೆಂದು ಊಹಿಸಿಕೊಳ್ಳಬಹುದು. ಈ ನ್ಯಾಯವನ್ನು ಸಾಧ್ಯಮಾಡಿದ್ದು ಯಂತ್ರವೇ.

ಊರಿಗೆ ಹಣ ಕಳುಹಿಸುವ ವಿಷಯವಂತೂ ಇನ್ನೂ ಸ್ಪಷ್ಟ. ದೇಶದಲ್ಲಿ ಮನಿ ಆರ್ಡರ್ ಆರಂಭವಾದದ್ದು 1880ರಲ್ಲಿ. ಹೋಟೆಲಿನ ಹುಡುಗನು ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ಹಣ ಕಟ್ಟಿದರೆ, ಕುಂದಾಪುರದ ಒಳಗಿನ ಹಳ್ಳಿಯೊಂದರಲ್ಲಿ ತಾಯಿಯು ಹೆಬ್ಬೆಟ್ಟು ಒತ್ತಿ ಅದನ್ನು ಪಡೆಯಲು ವಾರವೇ ಹಿಡಿಯುತ್ತಿತ್ತು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅವಸರವಿದ್ದವರು ಬ್ಯಾಂಕಿನ ತಂತಿ ವರ್ಗಾವಣೆಗೆ ಮೊರೆಹೋಗುತ್ತಿದ್ದರು. ತಂತಿಯ ಸಂದೇಶದೊಳಗೆ ಒಂದು ರಹಸ್ಯಾಂಕವಿರುತ್ತಿತ್ತು. ಬೀಗದೊಳಗಿನ ಸಂಕೇತಪುಸ್ತಕವನ್ನು ತೆಗೆದು, ಅಂಕೆಗಳನ್ನು ಕೂಡಿ, ರಹಸ್ಯಾಂಕವು ಸರಿಯೆಂದು ಕಂಡಮೇಲೆಯೇ ಆ ಕಡೆಯ ಅಧಿಕಾರಿಯು ಹಣ ಬಿಡುಗಡೆ ಮಾಡುತ್ತಿದ್ದನು. ತಂತಿಯ ಸೇವೆಯೇ 2013ರ ಜುಲೈಯಲ್ಲಿ ನಿಂತುಹೋಯಿತು. 2005ರಲ್ಲಿ ಆರಂಭವಾದ ನೆಫ್ಟ್ ವ್ಯವಸ್ಥೆಯು 2019ರ ಡಿಸೆಂಬರಿನಿಂದ ಹಗಲಿರುಳೂ ನಡೆಯುತ್ತಿದೆ. 2016ರಲ್ಲಿ ಬಂದ ಯುಪಿಐ ಒಂದೇ ತಿಂಗಳಲ್ಲಿ ನಡೆಸಿದ ವ್ಯವಹಾರಗಳ ಸಂಖ್ಯೆ 2023ರ ಆಗಸ್ಟಿನಲ್ಲಿ 1,000 ಕೋಟಿಯನ್ನೂ, 2025ರ ಆಗಸ್ಟಿನಲ್ಲಿ 2,000 ಕೋಟಿಯನ್ನೂ ದಾಟಿತು. ತಾಯಿಗೆ ಹಣ ಈಗ ಕ್ಷಣದಲ್ಲಿ ತಲುಪುತ್ತದೆ. ಮನಿ ಆರ್ಡರ್ ಚೀಟಿಯ ಕೆಳಗೆ ಎರಡು ಸಾಲು ಬರೆಯಲು ಜಾಗವಿರುತ್ತಿತ್ತು, ಅದನ್ನು ಅಂಚೆಯವನೇ ಓದಿ ಹೇಳುತ್ತಿದ್ದನು. ಅದು ಹೋಯಿತು.

ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ಈಗ ಕಪ್ಪು-ಬಿಳುಪಿನ ಕ್ಯೂಆರ್ ಚೌಕವೊಂದು ಅಂಟಿಕೊಂಡಿದೆ. ಚಿಲ್ಲರೆಯ ಬದಲು ಚಾಕೊಲೇಟ್ ಕೊಡುವ ಪದ್ಧತಿಯು ತೊಲಗಿತು. ಊರಿನ ಮನೆಯ ಜಗಲಿಯಲ್ಲಿ ಕುಳಿತೇ ಮಾಲೀಕನು ಮುಂಬಯಿಯ ಹೋಟೆಲಿನ ಆ ದಿನದ ವ್ಯಾಪಾರವನ್ನು ನೋಡಬಲ್ಲನು. ಕಾಗದವಿಲ್ಲದ ಸಣ್ಣ ವ್ಯಾಪಾರಿಗೂ ಖಾತೆಯ ಈ ದಾಖಲೆಯನ್ನು ತೋರಿಸಿ ಸಾಲ ಕೇಳಲು ಸಾಧ್ಯವಾಗಿದೆ. ಆದರೆ ದಾಖಲೆ ಎಂಬುದು ಮಾಲೀಕನಿಗೆ ಮಾತ್ರ ಕಾಣುವಂಥದಲ್ಲ. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ, ಬೆಂಗಳೂರಿನ ಎಷ್ಟೋ ಬೇಕರಿ ಮತ್ತು ಚಹಾ ಅಂಗಡಿಗಳು ಆ ಚೌಕವನ್ನು ಕಿತ್ತು ‘ನಗದು ಮಾತ್ರ’ ಎಂಬ ಫಲಕವನ್ನು ತೂಗುಹಾಕಿದವು. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಬೇಕೆಂಬ ನಿಯಮವೇನೂ ಹೊಸದಲ್ಲ; ಅದನ್ನು ಎಣಿಸುವ ಕಣ್ಣು ಮಾತ್ರ ಹೊಸದು.

ಇಲ್ಲಿಯವರೆಗೆ ಹೇಳಿದುದು ಲಾಭದ ಕಡೆಯ ಲೆಕ್ಕ. ಎದುರು ಪುಟದಲ್ಲಿ ಬರೆಯಬೇಕಾದುದು ಒಂದಿದೆ. ಲೆಡ್ಜರ್ ಗುಮಾಸ್ತ, ಮಾದರಿ ಸಹಿಯನ್ನು ನೋಡುವ ಅಧಿಕಾರಿ, ಮೊಬಲಗನ್ನು ಕೇಳುವ ಕ್ಯಾಶಿಯರ್ — ಈ ಮೂವರ ಕೆಲಸವೂ ಎಲ್ಲಿಯೂ ಮಾಯವಾಗಿಲ್ಲ. ಅದು ಕೌಂಟರಿನ ಆಚೆಯಿಂದ ಈಚೆಗೆ ಬಂದಿದೆ. ಯಾರಿಗೆ ಹಣ ಹೋಗುತ್ತಿದೆ, ಎಷ್ಟು ಹೋಗುತ್ತಿದೆ, ಕೇಳುತ್ತಿರುವವನು ಯಾರು ಎಂಬುದನ್ನು ಇಂದು ಪರೀಕ್ಷಿಸಬೇಕಾದವನು ಗಿರಾಕಿಯೇ. ಅವನೇ ಗುಮಾಸ್ತ, ಅವನೇ ಅಧಿಕಾರಿ, ಅವನೇ ಕ್ಯಾಶಿಯರ್. ಈ ಹುದ್ದೆಗೆ ಅವನಿಗೆ ತರಬೇತಿಯೂ ಇಲ್ಲ, ಸಂಬಳವೂ ಇಲ್ಲ. ಎಪ್ಪತ್ತು ದಾಟಿದವರ ಮೇಲೆ ಈ ಭಾರವು ಎಷ್ಟು ಬೀಳುತ್ತಿದೆಯೆಂಬುದು ಬ್ಯಾಂಕಿನಲ್ಲಿ ಕುಳಿತವರಿಗೆ ದಿನವೂ ಕಾಣುತ್ತದೆ.

‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನ ವಂಚನೆಯನ್ನೇ ನೋಡಬಹುದು. ಅದರ ಹಾದಿ ಬಹುಮಟ್ಟಿಗೆ ಒಂದೇ ಬಗೆಯದು. ಬೆಳಗ್ಗೆ ಮಕ್ಕಳು ಕೆಲಸಕ್ಕೆ ಹೋದಮೇಲೆ ಮುದುಕರಿರುವ ಮನೆಗೆ ಕರೆ ಬರುತ್ತದೆ. ತಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆಯೆಂದು ಆ ಕಡೆಯವನು ಹೇಳುತ್ತಾನೆ. ಬಳಿಕ ವೀಡಿಯೊದಲ್ಲಿ ಪೊಲೀಸ್ ಉಡುಪಿನವನೊಬ್ಬನು ಕಾಣಿಸಿಕೊಳ್ಳುತ್ತಾನೆ. ಕೋಣೆಯಿಂದ ಹೊರಗೆ ಹೋಗಕೂಡದು, ಯಾರಿಗೂ ಹೇಳಕೂಡದು ಎಂದು ಅಪ್ಪಣೆಯಾಗುತ್ತದೆ. ರಕ್ತದೊತ್ತಡದ ಮಾತ್ರೆ ನುಂಗುವುದನ್ನೂ ಮರೆತು ಆ ಜೀವವು ಎರಡು ದಿನ ಮೊಬೈಲಿನ ಎದುರು ಕುಳಿತಿರುತ್ತದೆ. ಕಡೆಗೆ ‘ತನಿಖೆಗಾಗಿ’ ಎಂದು ಜೀವಮಾನದ ಠೇವಣಿಯನ್ನು ಮುರಿಸಿ ಆರ್‌ಟಿಜಿಎಸ್ ಮಾಡಿಸುತ್ತಾರೆ. ಭಾರತದ ಯಾವ ಕಾನೂನಿನಲ್ಲಿಯೂ ಇಂಥ ಬಂಧನವಿಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ತಮ್ಮ ಬಾನುಲಿ ಭಾಷಣದಲ್ಲಿ ಇದನ್ನು ಎಚ್ಚರಿಸಿ ಹೇಳಬೇಕಾಯಿತು.

ಇಂಥ ಎಷ್ಟೋ ವಂಚನೆಗಳು ತಪ್ಪಿದ್ದು, ಠೇವಣಿ ಮುರಿಯಲು ಬಂದ ಹಿರಿಯರನ್ನು ಶಾಖೆಯಲ್ಲಿ ಯಾರೋ ಒಬ್ಬರು ‘ಯಾಕೆ ರಾಯರೇ, ಇಷ್ಟೊಂದು ಹಣ ಒಮ್ಮೆಲೇ?’ ಎಂದು ಕೇಳಿದ್ದರಿಂದ. ಆ ಪ್ರಶ್ನೆಗೆ ಬೇಕಾದದ್ದು ಒಬ್ಬ ಮನುಷ್ಯ, ಸ್ವಲ್ಪ ಸಮಯ. ಹಿಂದಿನ ಕಾಲದ ವಿಳಂಬವು ಕಿರಿಕಿರಿಯಾಗಿದ್ದರೂ ಅದೇ ಒಂದು ಕಾವಲಾಗಿತ್ತು. ಪರಊರಿನ ಚೆಕ್ಕು ವಸೂಲಾಗಲು ವಾರಗಳು ಹಿಡಿಯುತ್ತಿದ್ದಾಗ, ಬುದ್ಧಿ ತಿಳಿಯಾದವನು ಪಾವತಿಯನ್ನು ನಿಲ್ಲಿಸುವಂತೆ ಬರೆದುಕೊಡಲು ವ್ಯವಧಾನವಿರುತ್ತಿತ್ತು. ಕ್ಷಣದಲ್ಲಿ ಹೋದ ಹಣ ನಾಲ್ಕಾರು ಖಾತೆಗಳನ್ನು ದಾಟಿ ಎಲ್ಲಿಯೋ ನಗದಾಗಿಬಿಡುತ್ತದೆ.

ಆದ್ದರಿಂದ ಈ ಹೊಸ ಗುಮಾಸ್ತಿಕೆಯ ಕೆಲವು ನಿಯಮಗಳನ್ನು ಪ್ರತಿಯೊಂದು ಮನೆಯೂ ತಿಳಿದಿರಬೇಕು. ಹಣವನ್ನು ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಬೇಕಾಗುವುದು ಕೊಡುವುದಕ್ಕೆ ಮಾತ್ರ. ಒಟಿಪಿ ಎಂಬುದು ಖಾತೆದಾರನ ಸಹಿಗೆ ಸಮಾನ. ಖಾಲಿ ಚೆಕ್ಕಿಗೆ ಸಹಿ ಹಾಕಿ ಅಪರಿಚಿತನ ಕೈಗೆ ಕೊಡದವನು ಒಟಿಪಿಯನ್ನೂ ಹೇಳಬಾರದು. ಮೋಸವಾಯಿತೆಂದು ತಿಳಿದ ಗಳಿಗೆಯಲ್ಲಿಯೇ 1930 ಸಂಖ್ಯೆಗೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ನಾಚಿಕೆಯಿಂದ ಮಕ್ಕಳಿಗೆ ಹೇಳದೆ ಎರಡು ದಿನ ಕಳೆಯುವುದೇ ಹೆಚ್ಚಿನ ಹಾನಿಗೆ ಕಾರಣ. ರಿಸರ್ವ್ ಬ್ಯಾಂಕು 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯು ಸಮಯವನ್ನೇ ಅಳತೆಗೋಲಾಗಿ ಮಾಡಿತು: ಬ್ಯಾಂಕಿನ ತಪ್ಪೂ ಗಿರಾಕಿಯ ತಪ್ಪೂ ಇಲ್ಲದೆ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗಿರಾಕಿಗೆ ಹೊಣೆಯಿಲ್ಲ; ನಾಲ್ಕರಿಂದ ಏಳು ದಿನಗಳಾದರೆ ಮಿತವಾದ ಹೊಣೆ. ಗುಟ್ಟಿನ ಸಂಖ್ಯೆಯನ್ನು ತಾನೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವು ಗಿರಾಕಿಯದೇ.

ಇನ್ನೊಂದು ಸಂಗತಿ ಬೆರಳಿಗೆ ಸಂಬಂಧಿಸಿದ್ದು. ಮೂವತ್ತು ನಲವತ್ತು ವರ್ಷ ಬಿಸಿನೀರು, ಸೋಡಾಪುಡಿ, ಬೂದಿಗಳಲ್ಲಿ ಪಾತ್ರೆ ತಿಕ್ಕಿದ, ದೋಸೆಯ ಕಾವಲಿಯ ಮುಂದೆ ನಿಂತ ಕೈಗಳ ಗೆರೆಗಳು ಸವೆದುಹೋಗಿರುತ್ತವೆ. ವಯಸ್ಸಾದಂತೆ ಚರ್ಮವೂ ಒಣಗುತ್ತದೆ. ಬೆರಳಚ್ಚಿನ ಯಂತ್ರದ ಮುಂದೆ ಇಂಥವರು ಮತ್ತೆ ಮತ್ತೆ ಹೆಬ್ಬೆರಳನ್ನು ಒತ್ತಿ, ತಪ್ಪು ತಮ್ಮದೇ ಎಂಬಂತೆ ಮುಖ ಸಣ್ಣದು ಮಾಡಿಕೊಂಡು ನಿಲ್ಲುತ್ತಾರೆ. ಜೀವಮಾನವಿಡೀ ದುಡಿದುದೇ ಗುರುತು ಅಳಿಯಲು ಕಾರಣವಾಯಿತೆಂದರೆ ಅದೊಂದು ವಿಪರ್ಯಾಸ. ಇದಕ್ಕೆ ಪರಿಹಾರವಿದೆ. ನಿವೃತ್ತಿ ವೇತನದವರಿಗಾಗಿ 2014ರ ನವೆಂಬರಿನಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ವ್ಯವಸ್ಥೆಯಲ್ಲಿ ಬೆರಳಚ್ಚಿನ ಬದಲು ಕಣ್ಣಿನ ಪಾಪೆಯ ಗುರುತನ್ನು ಬಳಸಬಹುದು. 2021ರಿಂದ ಮೊಬೈಲಿನ ಕ್ಯಾಮೆರಾಕ್ಕೆ ಮುಖ ತೋರಿಸಿಯೂ ಜೀವಿತ ಪ್ರಮಾಣಪತ್ರವನ್ನು ಸಲ್ಲಿಸಬಹುದು. ಮನೆಯಿಂದ ಏಳಲಾರದವರಿಗೆ ಇದು ನಿಜವಾದ ಉಪಕಾರ. ಯಾರಾದರೂ ಹತ್ತಿರ ಕುಳಿತು ಮಾಡಿಸಬೇಕಷ್ಟೆ.

ಗೃಹಿಣಿಯರ ವಿಷಯ ಇದಕ್ಕಿಂತ ಗಂಭೀರ. ಎಷ್ಟೋ ಮನೆಗಳಲ್ಲಿ ಬ್ಯಾಂಕಿನ ಸಕಲ ವ್ಯವಹಾರವೂ ಯಜಮಾನರ ಒಂದು ಮೊಬೈಲಿನೊಳಗಿದೆ. ಹಿಂದೆ ಪಾಸ್‌ಬುಕ್ಕುಗಳೂ ಠೇವಣಿ ರಸೀದಿಗಳೂ ಕಪಾಟಿನ ಡಬ್ಬದಲ್ಲಿರುತ್ತಿದ್ದವು. ಓದಲು ಬಾರದವಳಿಗೂ ಡಬ್ಬ ಎಲ್ಲಿದೆಯೆಂದು ಗೊತ್ತಿತ್ತು. ಈಗ ಯಜಮಾನರು ತೀರಿಕೊಂಡ ತಿಂಗಳೊಪ್ಪತ್ತಿನಲ್ಲಿ ಆ ಸಿಮ್ಮಿಗೆ ಹಣ ಕಟ್ಟುವವರಿಲ್ಲದೆ ಅದು ನಿಂತುಹೋದರೆ, ಹಣ ಎಲ್ಲಿ ಎಷ್ಟಿದೆಯೆಂಬುದೇ ಕುಟುಂಬಕ್ಕೆ ತಿಳಿಯದು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಅಲ್ಲಿಂದ ಮರಳಿ ಪಡೆಯಲು ವಾರಸುದಾರರಿಗೆ ಹಕ್ಕಿದೆ. ಹುಡುಕಲು 2023ರ ಆಗಸ್ಟಿನಲ್ಲಿ ‘ಉದ್ಗಮ್’ ಎಂಬ ಜಾಲತಾಣವೂ ಬಂದಿದೆ. ಆದರೆ ಖಾತೆಯನ್ನು ಗಂಡಹೆಂಡಿರ ಜಂಟಿ ಹೆಸರಿನಲ್ಲಿ, ಇಬ್ಬರಲ್ಲೊಬ್ಬರು ಅಥವಾ ಉಳಿದವರು ತೆಗೆಯುವಂತೆ ಇಡುವುದು ಆ ಹುಡುಕಾಟಕ್ಕಿಂತ ಎಷ್ಟೋ ಸುಲಭ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಲು ಅವಕಾಶವಾಗಿದೆ.

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಖಾತೆಗಳೆಲ್ಲ ಗಣಕದಲ್ಲಿ ಇದ್ದುದರಿಂದಲೇ ಇಂಥ ಜೋಡಣೆಯು ಸಾಧ್ಯವಾಯಿತು. ಲೆಡ್ಜರಿನ ಕಾಲದಲ್ಲಿ ಅದಕ್ಕೆ ಎಷ್ಟು ವರ್ಷ ಹಿಡಿಯುತ್ತಿತ್ತೋ. ಇದೇ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಚಿಕ್ಕದೆನ್ನದೆ ಮನೆಬಾಗಿಲಿನಲ್ಲಿ ಸಂಗ್ರಹಿಸಲು ಮನುಷ್ಯರನ್ನು ಕಳುಹಿಸಿತ್ತು. ಈಗ ಬ್ಯಾಂಕು ಬಾಗಿಲಿಗಿಂತಲೂ ಹತ್ತಿರ, ಜೇಬಿನೊಳಕ್ಕೇ ಬಂದಿದೆ, ಬಂದು ‘ಚೆನ್ನಾಗಿದ್ದೀರಾ?’ ಎಂದು ಕೇಳುವವರು ಮಾತ್ರ ಜೊತೆಯಲ್ಲಿಲ್ಲ. ಕನ್ನಡ ಕೇಳಿಬರುತ್ತಿದ್ದ ಕೌಂಟರುಗಳೂ ಹೊರನಾಡಿನಲ್ಲಿ ವಿರಳವಾಗುತ್ತಿವೆ.

ಕನ್ನಡ ಸಂಘಗಳು ಏರ್ಪಡಿಸುವ ಆರೋಗ್ಯ ತಪಾಸಣೆಯ ಶಿಬಿರಗಳಲ್ಲಿ ಹಿರಿಯರು ರಕ್ತದೊತ್ತಡ, ಸಕ್ಕರೆಗಳ ಪರೀಕ್ಷೆಗಾಗಿ ಸಾಲಾಗಿ ಕುಳಿತಿರುತ್ತಾರೆ. ಆ ಮೇಜಿನ ಪಕ್ಕದಲ್ಲಿಯೇ ಇನ್ನೊಂದು ಮೇಜನ್ನು ಹಾಕಿ ಕನ್ನಡ ಬಲ್ಲ ಇಬ್ಬರು ತರುಣರನ್ನು ಕೂರಿಸಬಹುದು. ನಾಮಿನಿಯ ಅರ್ಜಿಯನ್ನು ತುಂಬಿಸುವುದು, ಜೀವಿತ ಪ್ರಮಾಣಪತ್ರ ಮಾಡಿಸುವುದು, 1930 ಎಂಬ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡುವುದು — ಕೆಲಸ ಇಷ್ಟೇ. ಯಾರ ಪಿನ್ನನ್ನೂ ಅವರು ಕೇಳಬಾರದು, ಹೇಳಲು ಬಂದವರನ್ನು ತಡೆಯಬೇಕು. ಕೇಂದ್ರ ಸರ್ಕಾರದ ನಿವೃತ್ತರಲ್ಲಿ ಎಂಬತ್ತು ದಾಟಿದವರಿಗೆ ಪ್ರಮಾಣಪತ್ರದ ಅವಧಿಯು ಅಕ್ಟೋಬರ್ 1ರಿಂದ, ಉಳಿದವರಿಗೆ ನವೆಂಬರ್ 1ರಿಂದ ಆರಂಭವಾಗುವುದರಿಂದ ಮೇಜನ್ನು ಅಕ್ಟೋಬರಿನ ಮೊದಲ ಭಾನುವಾರವೇ ಹಾಕುವುದು ಅನುಕೂಲ.